ನೆಲೆ ಬದಲಿಸುವ ಬಂಡಾಯ ಮತ್ತು ನಗರರಕ್ಷಣೆ: ಬಾಗ್ದಾದಿನ ಅನುಭವ (೨೦೦೩–೨೦೦೮)

ನಗರರಕ್ಷಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೋಟೆ, ಕಂದಕ, ಬುರುಜು, ಹೆಬ್ಬಾಗಿಲು. ಚಿತ್ರದುರ್ಗದ ಸುತ್ತುಗೋಡೆಗಳನ್ನಾಗಲಿ ಶ್ರೀರಂಗಪಟ್ಟಣದ ಕಂದಕಗಳನ್ನಾಗಲಿ ಕಂಡವರಿಗೆ ಅವುಗಳ ಹಿಂದಿರುವ ತರ್ಕ ಸುಲಭವಾಗಿ ಗೋಚರಿಸುತ್ತದೆ. ಶತ್ರು ಹೊರಗಿದ್ದಾನೆ, ಪ್ರಜೆ ಒಳಗಿದ್ದಾನೆ, ಇವರಿಬ್ಬರ ನಡುವೆ ಕಲ್ಲಿನ ಗೋಡೆಯಿದೆ ಎಂಬುದೇ ಆ ತರ್ಕ. ಆದರೆ ನಮ್ಮ ಪ್ರಾಚೀನ ರಾಜನೀತಿಕಾರರು ಇಷ್ಟಕ್ಕೇ ತೃಪ್ತರಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿರ್ಮಾಣದ ವಿಧಿಗಳ ಜೊತೆಗೆ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೂ ಇದೆ. ಅಲ್ಲಿ ಗೋಪನೆಂಬ ಅಧಿಕಾರಿ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳ ಲೆಕ್ಕವಿಟ್ಟು, ಅವರ ಹೆಸರು, ಕಸುಬು, ಆಯವ್ಯಯಗಳನ್ನು ತಿಳಿದಿರಬೇಕು. ಸ್ಥಾನಿಕನು ನಗರದ ಒಂದು ಭಾಗಕ್ಕೆ ಹೊಣೆಗಾರನಾಗಿರಬೇಕು. ಛತ್ರದವರು ತಮ್ಮಲ್ಲಿ ತಂಗಲು ಬಂದ ಅಪರಿಚಿತರ ವಿಷಯವನ್ನು ಮೇಲಿನವರಿಗೆ ತಿಳಿಸಬೇಕು. ಗೋಡೆ ಹೊರಗಿನವನನ್ನು ಮಾತ್ರ ತಡೆಯುತ್ತದೆ, ಒಳಗಿರುವವನು ಯಾರೆಂಬುದನ್ನು ಎಣಿಕೆಯಿಂದಲೇ ತಿಳಿಯಬೇಕು ಎಂಬ ಅರಿವು ಈ ವಿಧಿಗಳ ಹಿಂದಿದೆ.

ಈ ಎರಡೂ ಉಪಾಯಗಳು, ಎಂದರೆ ಗೋಡೆ ಮತ್ತು ಎಣಿಕೆ, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬಾಗ್ದಾದ್ ನಗರದಲ್ಲಿ ಬಹುದೊಡ್ಡ ಪ್ರಮಾಣದಲ್ಲಿ ಪ್ರಯೋಗಕ್ಕೊಳಗಾದವು. ಅಂದಿನ ಪ್ರಪಂಚದ ಅತ್ಯಂತ ಪ್ರಬಲ ಸೇನೆ ಅಲ್ಲಿತ್ತು. ಹಣಕ್ಕೆ ಕೊರತೆಯಿರಲಿಲ್ಲ. ಆದರೂ ೨೦೦೩ರಿಂದ ೨೦೦೭ರ ಮಧ್ಯದವರೆಗೆ ನಗರ ದಿನದಿಂದ ದಿನಕ್ಕೆ ಹೆಚ್ಚು ಅಸುರಕ್ಷಿತವಾಗುತ್ತ ಹೋಯಿತು. ಇದಕ್ಕೆ ಕಾರಣವೇನು, ಅನಂತರ ಹಿಂಸೆ ಇಳಿದದ್ದು ಹೇಗೆ, ಆ ಇಳಿಕೆಗೆ ನಗರ ತೆತ್ತ ಬೆಲೆ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಗ್ದಾದ್ ಭಾರತೀಯರಿಗೆ ತೀರ ಅಪರಿಚಿತ ನಗರವಲ್ಲ. ೧೯೧೭ರ ಮಾರ್ಚ್ ೧೧ರಂದು ಅದನ್ನು ವಶಪಡಿಸಿಕೊಂಡ ಬ್ರಿಟಿಷ್ ಸೇನೆಯಲ್ಲಿ ಭಾರತೀಯ ಸೈನಿಕರೇ ಬಹುಸಂಖ್ಯಾತರಾಗಿದ್ದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ದಳದ ತುಕಡಿಗಳೂ ಮೆಸೊಪೊಟೇಮಿಯಾದ ಆ ಯುದ್ಧರಂಗದಲ್ಲಿದ್ದವು. ೨೦೦೩ರಲ್ಲಿಯೂ ಇರಾಕಿಗೆ ಒಂದು ಡಿವಿಜನ್ ಸೇನೆಯನ್ನು ಕಳುಹಿಸುವಂತೆ ಅಮೆರಿಕ ಭಾರತವನ್ನು ಕೋರಿತ್ತು. ಆ ವರ್ಷದ ಜುಲೈ ೧೪ರಂದು ಭಾರತ ಸರ್ಕಾರ ಆ ಕೋರಿಕೆಯನ್ನು ನಿರಾಕರಿಸಿತು. ಮುಂದಿನ ಘಟನೆಗಳನ್ನು ನೋಡಿದರೆ ಆ ನಿರ್ಣಯದ ಮಹತ್ವವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ನಗರದ ರಚನೆ

ಅಬ್ಬಾಸಿದ್ ಖಲೀಫ ಅಲ್-ಮನ್ಸೂರ್ ಕ್ರಿ.ಶ. ೭೬೨ರಲ್ಲಿ ಕಟ್ಟಿಸಿದ ಬಾಗ್ದಾದ್ ವೃತ್ತಾಕಾರದ ಕೋಟೆಯಾಗಿತ್ತು. ಅದಕ್ಕೆ ನಾಲ್ಕು ಬಾಗಿಲುಗಳಿದ್ದವು. ಆದರೆ ನಗರ ಬಹುಬೇಗ ಆ ವೃತ್ತವನ್ನು ಮೀರಿ ಬೆಳೆಯಿತು. ೮೧೨–೮೧೩ರಲ್ಲಿ ಖಲೀಫ ಅಮೀನ್ ಮತ್ತು ಅವನ ಸೋದರ ಮಾಮೂನ್ ನಡುವೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಮುತ್ತಿಗೆ ಹಾಕಿದ ಸೇನೆಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆದು ನಿಲ್ಲಿಸಿದವರಲ್ಲಿ ಕೋಟೆಯ ಸಿಪಾಯಿಗಳಷ್ಟೇ ಇರಲಿಲ್ಲ. ಉಪನಗರಗಳ ಗಲ್ಲಿಗಳಲ್ಲಿ ಕವಚವಿಲ್ಲದೆ ಕೋಲು, ಕಲ್ಲುಗಳಿಂದ ಹೋರಾಡಿದ ಸಾಮಾನ್ಯರೂ ಇದ್ದರು. ಚರಿತ್ರಕಾರ ತಬರಿ ಇವರ ವಿಷಯವನ್ನು ದಾಖಲಿಸಿದ್ದಾನೆ. ಗಲ್ಲಿಯ ಮನುಷ್ಯ ಸೇನೆಗೆ ತೊಡಕಾಗುವುದು ಈ ನಗರಕ್ಕೆ ಹೊಸದಲ್ಲ ಎಂಬುದಕ್ಕಾಗಿ ಇದನ್ನು ಇಲ್ಲಿ ನೆನೆಯಬಹುದು.

೨೦೦೩ರ ಬಾಗ್ದಾದ್ ಸುಮಾರು ಅರವತ್ತು ಲಕ್ಷ ಜನರ ನಗರ. ಟೈಗ್ರಿಸ್ ನದಿ ಅದನ್ನು ಪಶ್ಚಿಮದ ಕರ್ಖ್ ಮತ್ತು ಪೂರ್ವದ ರುಸಾಫಾ ಎಂದು ಎರಡು ಭಾಗವಾಗಿಸುತ್ತದೆ. ಜನಜೀವನದ ನಿಜವಾದ ಘಟಕವೆಂದರೆ ಮಹಲ್ಲಾ. ಮೈಸೂರಿನವರು ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ ಎನ್ನುವಾಗ ಬಳಸುವುದು ಇದೇ ಅರಬ್ಬೀ ಪದವನ್ನು. ಮಹಲ್ಲಾದಲ್ಲಿ ಯಾರ ಮನೆ ಯಾವುದು, ಯಾರ ಮಗ ಎಲ್ಲಿ ಕೆಲಸಕ್ಕಿದ್ದಾನೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಹೊರಗಿನ ಸೈನಿಕನಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಸುನ್ನಿಗಳು, ಷಿಯಾಗಳು, ಕುರ್ದರು, ಕ್ರೈಸ್ತರು ಒಂದೇ ಬೀದಿಯಲ್ಲಿ ಬಾಳುವ ಮಿಶ್ರ ಬಡಾವಣೆಗಳು ನಗರದ ಬಹುಭಾಗವನ್ನು ವ್ಯಾಪಿಸಿದ್ದವು. ಅಂತರ್‌ಪಂಗಡ ವಿವಾಹಗಳೂ ಅಪರೂಪವಾಗಿರಲಿಲ್ಲ. ಇದಕ್ಕೆ ಭಿನ್ನವಾಗಿದ್ದುದು ಈಶಾನ್ಯದ ಬೃಹತ್ ಬಡಾವಣೆ. ೧೯೫೯ರ ಸುಮಾರಿಗೆ ಪ್ರಧಾನಿ ಖಾಸಿಮ್ ಅವರ ಆಡಳಿತದಲ್ಲಿ ಗುಡಿಸಲುವಾಸಿಗಳಿಗಾಗಿ ಚೌಕುಳಿಯಾಗಿ ರೂಪಿಸಿದ ಆ ಪ್ರದೇಶ ಮೊದಲು ಥೌರಾ, ಅನಂತರ ಸದ್ದಾಂ ನಗರ, ೨೦೦೩ರ ಬಳಿಕ ಸದರ್ ನಗರ ಎಂಬ ಹೆಸರುಗಳನ್ನು ಪಡೆಯಿತು. ಇಪ್ಪತ್ತು ಲಕ್ಷದಷ್ಟು ಬಡ ಷಿಯಾಗಳು ಅಲ್ಲಿ ಕಿಕ್ಕಿರಿದು ನೆಲೆಸಿದ್ದರು.

ಶತ್ರು ಯಾರೆಂಬ ಪ್ರಶ್ನೆ

೨೦೦೩ರ ಏಪ್ರಿಲ್ ೯ರಂದು ಬಾಗ್ದಾದ್ ಅಮೆರಿಕದ ಸೇನೆಗೆ ವಶವಾಯಿತು. ಮೇ ತಿಂಗಳಿನಲ್ಲಿ ಆಕ್ರಮಿತ ಆಡಳಿತ ಹೊರಡಿಸಿದ ಎರಡು ಆಜ್ಞೆಗಳನ್ನು ಬಹುತೇಕ ಎಲ್ಲ ಅಧ್ಯಯನಕಾರರೂ ಉಲ್ಲೇಖಿಸುತ್ತಾರೆ. ಮೊದಲನೆಯದು ಬಾತ್ ಪಕ್ಷದ ಮೇಲ್ಮಟ್ಟದ ಸದಸ್ಯರನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕಿತು. ಎರಡನೆಯದು ಇರಾಕಿ ಸೇನೆಯನ್ನೇ ವಿಸರ್ಜಿಸಿತು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಶಸ್ತ್ರವಿದ್ಯೆ ಬಲ್ಲವರು ಒಮ್ಮೆಗೇ ಸಂಬಳವಿಲ್ಲದೆ ಬೀದಿಗೆ ಬಿದ್ದರು. ದೇಶದಾದ್ಯಂತ ಶಸ್ತ್ರಾಗಾರಗಳು ಕಾವಲಿಲ್ಲದೆ ತೆರೆದು ಬಿದ್ದಿದ್ದವು. ಅದೇ ಆಗಸ್ಟ್‌ನಲ್ಲಿ ಜೋರ್ಡಾನ್ ರಾಯಭಾರ ಕಚೇರಿಯ ಮೇಲೆ, ಆಗಸ್ಟ್ ೧೯ರಂದು ವಿಶ್ವಸಂಸ್ಥೆಯ ಕಚೇರಿಯಿದ್ದ ಕೆನಾಲ್ ಹೋಟೆಲಿನ ಮೇಲೆ ಬಾಂಬು ದಾಳಿಗಳಾದವು. ಎರಡನೆಯ ದಾಳಿಯಲ್ಲಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಸೆರ್ಗಿಯೊ ವಿಯೆರಾ ಡಿ ಮೆಲ್ಲೊ ಅವರನ್ನೊಳಗೊಂಡು ೨೨ ಮಂದಿ ಮೃತಪಟ್ಟರು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಬಂಡಾಯ ಎಂಬ ಏಕವಚನದ ಪದವೇ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ಆರಂಭದಲ್ಲಿ ಮಾಜಿ ಸೈನಿಕರು ಮತ್ತು ಬಾತ್ ಪಕ್ಷದವರು ಇದ್ದರು. ಅವರ ಜೊತೆಗೆ ಅಬೂ ಮುಸಬ್ ಅಲ್-ಝರ್ಕಾವಿಯ ನೇತೃತ್ವದಲ್ಲಿ, ಮುಂದೆ ಇರಾಕಿನ ಅಲ್-ಖೈದಾ ಎನಿಸಿಕೊಂಡ ಗುಂಪು ಬೆಳೆಯಿತು. ೨೦೦೪ರ ಏಪ್ರಿಲ್‌ನಲ್ಲಿ ಮುಖ್ತದಾ ಅಲ್-ಸದರ್ ಅವರ ಷಿಯಾ ಪಡೆಯಾದ ಮಹ್ದಿ ಸೇನೆ ದಂಗೆ ಎದ್ದಿತು. ಇವುಗಳ ಗುರಿ ಒಂದೇ ಆಗಿರಲಿಲ್ಲ, ಶತ್ರುವೂ ಒಬ್ಬನೇ ಆಗಿರಲಿಲ್ಲ. ಒಂದನ್ನು ತಡೆಯಲು ಕೈಗೊಂಡ ಕ್ರಮ ಇನ್ನೊಂದಕ್ಕೆ ಅನುಕೂಲವಾಗುತ್ತಿತ್ತು.

ಅಲ್ಜೀರ್ಸ್ ನಗರದ ಪ್ರಸಂಗವನ್ನು ಇದರೊಡನೆ ಹೋಲಿಸುವುದು ವಾಡಿಕೆಯಾಗಿದೆ. ೧೯೫೭ರಲ್ಲಿ ಫ್ರೆಂಚ್ ಪ್ಯಾರಾಶೂಟ್ ದಳ ಕಸ್ಬಾ ಎಂಬ ಹಳೆಯ ಕೇರಿಯನ್ನು ಸುತ್ತುವರಿದು, ಮನೆಮನೆಯ ಎಣಿಕೆ ನಡೆಸಿ, ಚಿತ್ರಹಿಂಸೆಯನ್ನೂ ಬಳಸಿ, ಬಂಡುಕೋರರ ಜಾಲವನ್ನು ಆ ವರ್ಷದೊಳಗೆ ಮುರಿಯಿತು. ಕೌಟಿಲ್ಯನ ಗೋಪನ ಪದ್ಧತಿಯನ್ನೇ ಬಹಳ ಕ್ರೂರವಾಗಿ ಅಲ್ಲಿ ಜಾರಿಗೊಳಿಸಲಾಯಿತು ಎನ್ನಬಹುದು. ಐದು ವರ್ಷಗಳ ತರುವಾಯ ಫ್ರಾನ್ಸ್ ದೇಶವನ್ನೇ ಬಿಟ್ಟುಹೋಗಬೇಕಾಯಿತೆಂಬುದು ಬೇರೆ ಮಾತು. ಆದರೆ ಹೋಲಿಕೆ ಹೆಚ್ಚು ದೂರ ಸಾಗುವುದಿಲ್ಲ. ಅಲ್ಲಿ ಬಂಡುಕೋರರ ಸಂಘಟನೆ ಒಂದು, ಕೇರಿ ಒಂದು. ಬಾಗ್ದಾದಿನಲ್ಲಿ ಇವೆರಡೂ ಇರಲಿಲ್ಲ.

ಹಿಂಡಿದಷ್ಟೂ ಜಾರುವ ಯುದ್ಧ

ಬಂಡುಕೋರರು ಒಂದು ಊರಿನಲ್ಲಿ ಒತ್ತಡ ಹೆಚ್ಚಿದಾಗ ಮತ್ತೊಂದು ಊರಿಗೆ ಸರಿಯುವ ಕ್ರಮವನ್ನು ೨೦೦೪ರ ನವೆಂಬರ್ ಸ್ಪಷ್ಟಪಡಿಸಿತು. ಅಮೆರಿಕದ ಸೇನೆ ಫಲೂಜಾ ಪಟ್ಟಣದ ಮೇಲೆ ಭಾರಿ ದಾಳಿ ನಡೆಸಿ ಅದನ್ನು ವಶಪಡಿಸಿಕೊಳ್ಳುತ್ತಿದ್ದ ದಿನಗಳಲ್ಲಿಯೇ ಉತ್ತರದ ಮೊಸೂಲ್ ನಗರದಲ್ಲಿ ಪೊಲೀಸ್ ಠಾಣೆಗಳ ಮೇಲೆ ದಾಳಿಗಳಾದವು. ಅಲ್ಲಿನ ಬಹುಪಾಲು ಪೊಲೀಸರು ಠಾಣೆ ತೊರೆದು ಹೋದರು. ಒಂದು ನಗರವನ್ನು ಗೆಲ್ಲುವಷ್ಟರಲ್ಲಿ ಅದಕ್ಕಿಂತ ಹಲವು ಪಟ್ಟು ದೊಡ್ಡ ನಗರದ ರಕ್ಷಣೆ ಕುಸಿದಿತ್ತು.

ಈ ಅನುಭವದಿಂದ ಕಲಿತ ಪಾಠವೆಂಬಂತೆ ೨೦೦೫ರ ಸೆಪ್ಟೆಂಬರ್‌ನಲ್ಲಿ ತಲ್ ಅಫರ್ ಪಟ್ಟಣದಲ್ಲಿ ಬೇರೊಂದು ವಿಧಾನ ಅನುಸರಿಸಲಾಯಿತು. ಕರ್ನಲ್ ಎಚ್. ಆರ್. ಮೆಕ್‌ಮಾಸ್ಟರ್ ಅವರ ರೆಜಿಮೆಂಟು ಪಟ್ಟಣದ ಸುತ್ತ ಮಣ್ಣಿನ ದಿಣ್ಣೆ ಎಬ್ಬಿಸಿ, ಒಳಗನ್ನು ತೆರವುಗೊಳಿಸಿ, ಅನಂತರ ಸಣ್ಣ ಸಣ್ಣ ಠಾಣೆಗಳಲ್ಲಿ ಜನರ ನಡುವೆಯೇ ನೆಲೆಸಿತು. ‘ತೆರವು, ಹಿಡಿತ, ನಿರ್ಮಾಣ’ ಎಂಬ ಸೂತ್ರ ಇದರಿಂದ ಪ್ರಸಿದ್ಧವಾಯಿತು. ಫಲಿತಾಂಶ ಉತ್ತಮವಾಗಿತ್ತು. ಆದರೆ ೨೦೦೬ರ ಆರಂಭದಲ್ಲಿ ಆ ರೆಜಿಮೆಂಟು ಹಿಂದಿರುಗಿತು. ೨೦೦೭ರ ಮಾರ್ಚ್ ೨೭ರಂದು ಅದೇ ಪಟ್ಟಣದಲ್ಲಿ ಟ್ರಕ್ ಬಾಂಬುಗಳಿಂದ ನೂರೈವತ್ತರಷ್ಟು ಜನ ಸತ್ತರು. ಆ ರಾತ್ರಿ ಸೇಡಿಗಾಗಿ ಸುನ್ನಿ ಗಂಡಸರನ್ನು ಹುಡುಕಿ ಕೊಂದವರಲ್ಲಿ ಪೊಲೀಸರೇ ಇದ್ದರು.

ಲೆಕ್ಕವೂ ಪ್ರತಿಕೂಲವಾಗಿತ್ತು. ೨೦೦೬ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಸೇನಾ ಕೈಪಿಡಿ ಪ್ರತಿ ಸಾವಿರ ಜನರಿಗೆ ಇಪ್ಪತ್ತರಿಂದ ಇಪ್ಪತ್ತೈದು ಭದ್ರತಾ ಸಿಬ್ಬಂದಿ ಬೇಕೆಂದು ಸೂಚಿಸುತ್ತದೆ. ಅರವತ್ತು ಲಕ್ಷದ ಬಾಗ್ದಾದಿಗೆ ಕನಿಷ್ಠ ೧,೨೦,೦೦೦ ಮಂದಿ ಬೇಕಾಗುತ್ತಿತ್ತು. ೨೦೦೬ರ ಬೇಸಗೆಯಲ್ಲಿ ನಗರದಲ್ಲಿದ್ದ ಅಮೆರಿಕದ ಸೈನಿಕರು ಸುಮಾರು ೧೫,೦೦೦, ಇರಾಕಿ ಸೈನಿಕರು ಅದಕ್ಕಿಂತಲೂ ಕಡಿಮೆ. ಉಳಿದ ಸಂಖ್ಯೆಯನ್ನು ತುಂಬುತ್ತಿದ್ದವರು ಪೊಲೀಸರು. ಸಮಸ್ಯೆಯ ತಿರುಳು ಇರುವುದು ಈ ಕೊನೆಯ ವಾಕ್ಯದಲ್ಲಿಯೇ.

೨೦೦೬: ಕಾವಲುಗಾರನೇ ಪಕ್ಷಗಾರನಾದಾಗ

೨೦೦೬ರ ಫೆಬ್ರವರಿ ೨೨ರಂದು ಸಮಾರಾ ಪಟ್ಟಣದಲ್ಲಿ ಷಿಯಾಗಳಿಗೆ ಅತ್ಯಂತ ಪವಿತ್ರವಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟವನ್ನು ಬಾಂಬಿಟ್ಟು ಉರುಳಿಸಲಾಯಿತು. ಅಲ್ಲಿಂದ ಮುಂದೆ ಯುದ್ಧದ ಸ್ವರೂಪವೇ ಬದಲಾಯಿತು. ಅದುವರೆಗೆ ಮುಖ್ಯವಾಗಿ ಸೇನೆಯ ವಿರುದ್ಧವಿದ್ದ ಹಿಂಸೆ ನೆರೆಹೊರೆಯವರ ನಡುವಿನ ಹಿಂಸೆಯಾಯಿತು. ಬೆಳಗಾಗುವಷ್ಟರಲ್ಲಿ ಬೀದಿಗಳಲ್ಲಿ ಕೈಕಟ್ಟಿದ ಶವಗಳು ಬಿದ್ದಿರುತ್ತಿದ್ದವು. ಗುರುತಿನ ಚೀಟಿಯಲ್ಲಿರುವ ಹೆಸರೇ ಸಾವಿಗೆ ಕಾರಣವಾಗಬಹುದಿತ್ತು. ಉಮರ್ ಎಂಬ ಹೆಸರಿನವನು ಒಂದು ತಪಾಸಣಾ ಠಾಣೆಯಲ್ಲಿ, ಅಲಿ ಎಂಬ ಹೆಸರಿನವನು ಇನ್ನೊಂದರಲ್ಲಿ ಪ್ರಾಣಭಯದಿಂದ ನಿಲ್ಲಬೇಕಾಗಿತ್ತು. ಆ ಒಂದು ವರ್ಷದಲ್ಲಿ ಇರಾಕಿನಲ್ಲಿ ೩೪,೪೫೨ ನಾಗರಿಕರು ಹತರಾದರೆಂದು ವಿಶ್ವಸಂಸ್ಥೆಯ ನಿಯೋಗ ಲೆಕ್ಕ ಹಾಕಿತು.

ಜೂನ್ ೧೪ರಂದು ‘ಒಟ್ಟಾಗಿ ಮುಂದಕ್ಕೆ’ ಎಂಬರ್ಥದ ಹೆಸರಿನಲ್ಲಿ ನಗರರಕ್ಷಣೆಯ ಕಾರ್ಯಾಚರಣೆ ಆರಂಭವಾಯಿತು. ರಾತ್ರಿ ಕರ್ಫ್ಯೂ, ಹೊಸ ತಪಾಸಣಾ ಠಾಣೆಗಳು, ಶಸ್ತ್ರಧಾರಣೆಯ ನಿಷೇಧ ಇದರ ಅಂಗಗಳಾಗಿದ್ದವು. ಆಗಸ್ಟ್‌ನಲ್ಲಿ ಎರಡನೆಯ ಹಂತ ಬಂದಿತು. ದೌರಾ, ಅಮಿರಿಯಾ, ಘಜಾಲಿಯಾ, ಅದಮಿಯಾ ಮುಂತಾದ ಬಡಾವಣೆಗಳನ್ನು ಒಂದಾದ ಮೇಲೊಂದರಂತೆ ಸುತ್ತುವರಿದು ಮನೆಮನೆಯನ್ನೂ ಶೋಧಿಸಲಾಯಿತು. ಸೇನೆ ಇರುವಷ್ಟು ದಿನ ಬಡಾವಣೆ ಶಾಂತವಾಗಿರುತ್ತಿತ್ತು. ಅದು ಮುಂದಿನ ಬಡಾವಣೆಗೆ ಹೊರಟ ಕೂಡಲೇ ಸಶಸ್ತ್ರರು ಮರಳುತ್ತಿದ್ದರು. ತೆರವುಗೊಳಿಸಿದ ಜಾಗವನ್ನು ಕಾಯುವ ಹೊಣೆ ಇರಾಕಿ ಪೊಲೀಸರದಾಗಿತ್ತು. ಅಕ್ಟೋಬರ್ ೧೯ರಂದು ಸೇನೆಯ ವಕ್ತಾರ ಮೇಜರ್ ಜನರಲ್ ವಿಲಿಯಂ ಕಾಲ್ಡ್‌ವೆಲ್ ಅವರು ಕಾರ್ಯಾಚರಣೆ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ರಂಜಾನ್ ಮಾಸದ ಮೊದಲ ಮೂರು ವಾರಗಳಲ್ಲಿ ನಗರದಲ್ಲಿ ದಾಳಿಗಳು ಶೇ. ೨೨ರಷ್ಟು ಹೆಚ್ಚಿದ್ದವು.

ಈ ವೈಫಲ್ಯಕ್ಕೆ ಸೈನಿಕರ ಕೊರತೆಯನ್ನಷ್ಟೇ ಕಾರಣವಾಗಿ ಹೇಳುವುದು ಅಪೂರ್ಣವಾದೀತು. ೨೦೦೫ರ ನವೆಂಬರ್‌ನಲ್ಲಿಯೇ ಜಾದಿರಿಯಾದಲ್ಲಿ ಗೃಹಸಚಿವಾಲಯಕ್ಕೆ ಸೇರಿದ ರಹಸ್ಯ ಬಂದೀಖಾನೆಯೊಂದು ಪತ್ತೆಯಾಗಿತ್ತು. ಅಲ್ಲಿ ನೂರೆಪ್ಪತ್ತರಷ್ಟು ಬಂದಿಗಳಿದ್ದರು, ಹೆಚ್ಚಿನವರು ಸುನ್ನಿಗಳು. ೨೦೦೬ರ ಅಕ್ಟೋಬರ್‌ನಲ್ಲಿ ಸಾಮೂಹಿಕ ಅಪಹರಣಕ್ಕೆ ನೆರವಾದ ಶಂಕೆಯ ಮೇಲೆ ರಾಷ್ಟ್ರೀಯ ಪೊಲೀಸ್ ಪಡೆಯ ಎಂಟನೆಯ ಬ್ರಿಗೇಡನ್ನು ಇಡಿಯಾಗಿ ಕರ್ತವ್ಯದಿಂದ ಹಿಂತೆಗೆದುಕೊಳ್ಳಲಾಯಿತು. ಹಗಲು ಸಮವಸ್ತ್ರ ತೊಟ್ಟವನು ರಾತ್ರಿ ಯಾವ ಪಡೆಯವನೆಂಬುದನ್ನು ಸುನ್ನಿ ಬಡಾವಣೆಯ ನಿವಾಸಿ ಊಹಿಸಲಾರದವನಾಗಿದ್ದ. ಹೀಗಾಗಿ ಪೊಲೀಸರ ಆಗಮನವೇ ಅವನಿಗೆ ಅಪಾಯದ ಸೂಚನೆಯಾಯಿತು. ತನಗೆ ಇಷ್ಟವಿಲ್ಲದಿದ್ದರೂ ಅಲ್-ಖೈದಾದ ಬಂದೂಕುಧಾರಿಯನ್ನು ಕಾವಲುಗಾರನೆಂದು ಅವನು ಸಹಿಸಿಕೊಂಡ. ಅತ್ತ ಸದರ್ ನಗರದ ಷಿಯಾನ ದೃಷ್ಟಿಯಲ್ಲಿ, ಕಾರುಬಾಂಬುಗಳನ್ನು ತಡೆಯಲಾರದ ಸರ್ಕಾರಕ್ಕಿಂತ ಮಹ್ದಿ ಸೇನೆಯೇ ಹೆಚ್ಚು ನಂಬಿಕೆಗೆ ಅರ್ಹವಾಗಿತ್ತು. ಅದೇ ನವೆಂಬರ್ ೨೩ರಂದು ಅಲ್ಲಿ ಒಂದರ ಹಿಂದೊಂದು ಸಿಡಿದ ಬಾಂಬುಗಳಿಗೆ ೨೦೦ಕ್ಕೂ ಹೆಚ್ಚು ಜನ ಬಲಿಯಾದರು. ಬಂಡಾಯವು ಬಡಾವಣೆಯಿಂದ ಬಡಾವಣೆಗೆ ಸರಿಯುತ್ತಿತ್ತು ಎಂಬುದು ನಿಜ. ಆದರೆ ಅದಕ್ಕಿಂತ ಗಂಭೀರವಾದ ಚಲನೆ ಮತ್ತೊಂದಿತ್ತು. ಅದು ರಕ್ಷಕ ಮತ್ತು ಹಂತಕ ಎಂಬ ಎರಡು ಪಾತ್ರಗಳ ನಡುವೆ ಚಲಿಸುತ್ತಿತ್ತು. ಇದನ್ನು ಯಾವ ಸೇನಾ ನಕ್ಷೆಯೂ ತೋರಿಸಲಾರದು.

ಸೆಪ್ಟೆಂಬರ್‌ನಲ್ಲಿ ಗೃಹಸಚಿವಾಲಯ ನಗರದ ಸುತ್ತ ಕಂದಕ ತೋಡಿ, ೨೮ ಪ್ರವೇಶದ್ವಾರಗಳನ್ನು ಮಾತ್ರ ಉಳಿಸುವ ಯೋಜನೆ ಪ್ರಕಟಿಸಿತ್ತು. ಅಲ್-ಮನ್ಸೂರನ ನಾಲ್ಕು ಬಾಗಿಲುಗಳ ಸ್ಥಾನದಲ್ಲಿ ಇಪ್ಪತ್ತೆಂಟು. ಕೊಲೆಗಾರ ಮತ್ತು ಕೊಲೆಗೀಡಾಗುವವನು ಇಬ್ಬರೂ ಕಂದಕದ ಒಳಗೇ ಇದ್ದಾರೆಂಬುದನ್ನು ಯೋಜಕರು ಮರೆತಂತಿತ್ತು.

ಗ್ರಂಥಾಲಯ ಮತ್ತು ಪುಸ್ತಕದ ಬೀದಿ

ಈ ಸಂಪುಟದ ಓದುಗರಿಗೆ ಸಂಬಂಧಿಸಿದ ಒಂದು ದಾಖಲೆಯನ್ನು ಇಲ್ಲಿ ಪ್ರಸ್ತಾಪಿಸುವುದು ಉಚಿತ. ಬಾಬ್ ಅಲ್-ಮುಅಝ್ಝಮ್ ಪ್ರದೇಶದಲ್ಲಿರುವ ಇರಾಕಿನ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರ ೨೦೦೩ರ ಏಪ್ರಿಲ್‌ನಲ್ಲಿಯೇ ಲೂಟಿಗೂ ಬೆಂಕಿಗೂ ತುತ್ತಾಗಿತ್ತು. ಪತ್ರಾಗಾರದ ಅರ್ಧಕ್ಕೂ ಹೆಚ್ಚು ಭಾಗ ನಾಶವಾಯಿತೆಂದು ಅಂದಾಜು. ಅದರ ನಿರ್ದೇಶಕರಾಗಿ ಬಂದ ಸಾದ್ ಎಸ್ಕಂದರ್ ಅವರು ೨೦೦೬ರ ನವೆಂಬರ್‌ನಿಂದ ೨೦೦೭ರ ಜುಲೈವರೆಗೆ ಬರೆದ ದಿನಚರಿಯನ್ನು ಬ್ರಿಟಿಷ್ ಗ್ರಂಥಾಲಯ ಅಂತರಜಾಲದಲ್ಲಿ ಪ್ರಕಟಿಸಿತು. ಕಚೇರಿಗೆ ಬರುವ ದಾರಿ ಯಾವ ದಿನ ತೆರೆದಿದೆ, ಯಾವ ಸಿಬ್ಬಂದಿಗೆ ಬೆದರಿಕೆ ಬಂದಿದೆ, ಯಾರು ಮನೆ ಬಿಟ್ಟು ಓಡಿದ್ದಾರೆ, ಯಾರು ಕೊಲೆಯಾಗಿದ್ದಾರೆ ಎಂಬ ವಿವರಗಳೇ ಅದರ ತುಂಬ ಇವೆ. ಸೇನಾ ವರದಿಗಳಲ್ಲಿ ಅಂಕಿಯಾಗಿ ಕಾಣುವುದು ಇಲ್ಲಿ ಗ್ರಂಥಪಾಲಕನ ಹಾಜರಿ ಪುಸ್ತಕವಾಗಿ ಕಾಣುತ್ತದೆ. ನಗರರಕ್ಷಣೆಯ ಬಗ್ಗೆ ಬರೆದಿರುವ ಹಲವು ಸೇನಾ ಗ್ರಂಥಗಳಿಗಿಂತ ಈ ದಿನಚರಿ ಹೆಚ್ಚು ತಿಳಿವಳಿಕೆ ಕೊಡುತ್ತದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

೨೦೦೭ರ ಮಾರ್ಚ್ ೫ರಂದು, ಹೊಸ ರಕ್ಷಣಾ ಯೋಜನೆ ಆರಂಭವಾದ ಮೂರು ವಾರಗಳಲ್ಲಿ, ಮುತನಬ್ಬಿ ಬೀದಿಯಲ್ಲಿ ಕಾರುಬಾಂಬು ಸಿಡಿಯಿತು. ಹತ್ತನೆಯ ಶತಮಾನದ ಅರಬ್ಬೀ ಕವಿಯ ಹೆಸರನ್ನು ಹೊತ್ತ ಆ ಬೀದಿ ನಗರದ ಪುಸ್ತಕ ಮಾರಾಟಗಾರರ ಕೇಂದ್ರ. ಸುಮಾರು ಮೂವತ್ತು ಮಂದಿ ಸತ್ತರು. ಲೇಖಕರು ಸೇರುತ್ತಿದ್ದ ಶಾಬಂದರ್ ಕಾಫಿ ಅಂಗಡಿಯೂ ಧ್ವಂಸವಾಯಿತು. ಆ ಬೀದಿಗೆ ಸುನ್ನಿ ಎಂದಾಗಲಿ ಷಿಯಾ ಎಂದಾಗಲಿ ಗುರುತಿರಲಿಲ್ಲ. ಎಲ್ಲರೂ ಸೇರುವ ಜಾಗ ಎಂಬುದೇ ಅದರ ಅಪರಾಧವಾಗಿತ್ತು.

ಗೋಡೆಗಳ ನಗರ

೨೦೦೭ರ ಜನವರಿ ೧೦ರಂದು ಅಧ್ಯಕ್ಷ ಬುಷ್ ಅವರು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಹೆಚ್ಚುವರಿಯಾಗಿ ಕಳುಹಿಸುವ ನಿರ್ಣಯ ಪ್ರಕಟಿಸಿದರು. ಫೆಬ್ರವರಿಯಲ್ಲಿ ಜನರಲ್ ಡೇವಿಡ್ ಪೆಟ್ರೇಯಸ್ ಸೇನಾಧಿಪತ್ಯ ವಹಿಸಿಕೊಂಡರು. ಇರಾಕಿ ಪಡೆಗಳ ನೇತೃತ್ವ ಲೆಫ್ಟಿನೆಂಟ್ ಜನರಲ್ ಅಬ್ಬೂದ್ ಖನ್ಬರ್ ಅವರದಾಯಿತು. ಯೋಜನೆಯ ಹೆಸರು ‘ಫರ್ದ್ ಅಲ್-ಖಾನೂನ್’, ಎಂದರೆ ಕಾನೂನಿನ ಜಾರಿ. ಮುಖ್ಯ ಬದಲಾವಣೆ ಸಂಖ್ಯೆಯಲ್ಲಿದ್ದಂತೆ ವಾಸಸ್ಥಾನದಲ್ಲಿಯೂ ಇತ್ತು. ಊರ ಹೊರಗಿನ ಬೃಹತ್ ಶಿಬಿರಗಳಿಂದ ದಿನಕ್ಕೊಮ್ಮೆ ಗಸ್ತು ಬರುತ್ತಿದ್ದ ಸೈನಿಕರು ಈಗ ಬಡಾವಣೆಗಳಲ್ಲಿಯೇ, ಇರಾಕಿ ಪಡೆಗಳೊಡನೆ ಜಂಟಿ ಠಾಣೆಗಳಲ್ಲಿ ನೆಲೆಸಿದರು. ಇದರ ಮೊದಲ ಪರಿಣಾಮ ಭೀಕರವಾಗಿತ್ತು. ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರ ಸಂಖ್ಯೆ ಪ್ರತಿ ತಿಂಗಳೂ ನೂರನ್ನು ಮೀರಿತು.

ಇದರ ಜೊತೆಗೆ ಬಂದದ್ದು ಕಾಂಕ್ರೀಟ್ ಗೋಡೆ. ಸುಮಾರು ಮೂರೂವರೆ ಮೀಟರ್ ಎತ್ತರ, ಆರು ಟನ್ ತೂಕದ ಹಲಗೆಗಳನ್ನು ಕ್ರೇನಿನಿಂದ ಒಂದರ ಪಕ್ಕ ಒಂದನ್ನು ನಿಲ್ಲಿಸುತ್ತ ಹೋದರೆ ಒಂದು ರಾತ್ರಿಯಲ್ಲಿ ಬೀದಿಯೊಂದು ಎರಡಾಗುತ್ತಿತ್ತು. ಸುನ್ನಿಗಳ ಅದಮಿಯಾ ಬಡಾವಣೆಯ ಸುತ್ತ ಏಪ್ರಿಲ್‌ನಲ್ಲಿ ಐದು ಕಿಲೋಮೀಟರ್ ಉದ್ದದ ಗೋಡೆ ಏಳತೊಡಗಿದಾಗ ನಿವಾಸಿಗಳು ಮೆರವಣಿಗೆ ನಡೆಸಿ ಪ್ರತಿಭಟಿಸಿದರು. ಪ್ರಧಾನಿ ನೂರಿ ಅಲ್-ಮಲಿಕಿ ಅವರೂ ವಿರೋಧ ಸೂಚಿಸಿದರು. ಆದರೂ ಗೋಡೆ ನಿಂತಿತು. ಗೋಡೆಯಿಂದ ಉಪಯೋಗವಾಗಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಕೊಲೆಗಾರರ ಕಾರು ಬಡಾವಣೆಯೊಳಕ್ಕೆ ನುಗ್ಗಿ ತಪ್ಪಿಸಿಕೊಂಡು ಹೋಗುವ ದಾರಿಗಳು ಮುಚ್ಚಿದವು. ಒಂದೆರಡು ಬಾಗಿಲುಗಳ ಮೂಲಕವೇ ಎಲ್ಲರೂ ಓಡಾಡಬೇಕಾದುದರಿಂದ ನಿವಾಸಿಗಳ ಎಣಿಕೆ ಸಾಧ್ಯವಾಯಿತು. ಗೋಪನ ಪುಸ್ತಕದ ಜಾಗದಲ್ಲಿ ಈಗ ಬೆರಳಚ್ಚು ಮತ್ತು ಕಣ್ಣಿನ ಪಾಪೆಯನ್ನು ದಾಖಲಿಸುವ ಯಂತ್ರವಿತ್ತು.

ಬಂಡಾಯ ಮತ್ತೆ ರೂಪ ಬದಲಿಸಿತು. ಫೆಬ್ರವರಿಯಲ್ಲಿ ಟ್ರಕ್ ಬಾಂಬಿಗೆ ತುತ್ತಾಗಿದ್ದ ಸದ್ರಿಯಾ ಮಾರುಕಟ್ಟೆಗೆ ಅಡ್ಡಗೋಡೆ ಕಟ್ಟಲಾಗಿತ್ತು. ಏಪ್ರಿಲ್ ೧೮ರಂದು ಆ ಗೋಡೆಯ ಹೊರಬದಿಯಲ್ಲಿ, ಮನೆಗೆ ಹೊರಟ ಜನ ವಾಹನಕ್ಕಾಗಿ ಸೇರುವ ಜಾಗದಲ್ಲಿಯೇ ಬಾಂಬು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ವಾಹನಗಳ ಸಂಚಾರ ಕಠಿಣವಾದಾಗ, ೨೦೦೮ರಲ್ಲಿ ಅಲ್-ಖೈದಾ ಹೆಂಗಸರನ್ನು ಬಾಂಬು ಧರಿಸಿ ಕಳುಹಿಸತೊಡಗಿತು. ಗಂಡು ಕಾವಲುಗಾರರು ಅವರ ಮೈ ಶೋಧಿಸುವಂತಿರಲಿಲ್ಲ. ಆ ಕೆಲಸಕ್ಕೆಂದೇ ಮಹಿಳೆಯರ ದಳವೊಂದನ್ನು ಕಟ್ಟಬೇಕಾಯಿತು. ನಗರದೊಳಗೆ ಬಾಂಬು ತಯಾರಿಸುವುದು ಕಷ್ಟವಾದಾಗ ಆ ಕೆಲಸ ಸುತ್ತಲಿನ ತೋಟ, ಕಾಲುವೆಗಳ ಪ್ರದೇಶಕ್ಕೆ ಸರಿಯಿತು. ತಾಜಿ, ತರ್ಮಿಯಾ, ಮಹ್ಮೂದಿಯಾ, ಯೂಸುಫಿಯಾ, ಸಲ್ಮಾನ್ ಪಾಕ್ ಈ ವಲಯಕ್ಕೆ ಸೇರಿದವು. ೨೦೦೬ರ ಡಿಸೆಂಬರ್‌ನಲ್ಲಿ ಅಲ್-ಖೈದಾದಿಂದ ವಶಪಡಿಸಿಕೊಂಡ ಕೈನಕ್ಷೆಯೊಂದು ಈ ವಲಯವನ್ನೇ ನಗರದ ಮೇಲಿನ ದಾಳಿಯ ಆಧಾರವಾಗಿ ತೋರಿಸಿತ್ತು. ಹೀಗಾಗಿ ೨೦೦೭ರ ಜೂನ್ ಮಧ್ಯದಿಂದ ನಗರ ಮತ್ತು ಸುತ್ತುವಲಯಗಳಲ್ಲಿ ಏಕಕಾಲಕ್ಕೆ ಕಾರ್ಯಾಚರಣೆ ನಡೆಯಿತು. ಬಂಡುಕೋರರು ದಿಯಾಲಾ ಪ್ರಾಂತಕ್ಕೂ ಕೊನೆಗೆ ಮೊಸೂಲಿಗೂ ಸರಿದರು. ಅವರ ಸಂಘಟನೆ ದುರ್ಬಲವಾಯಿತು, ಆದರೆ ಅಳಿಯಲಿಲ್ಲ. ೨೦೧೪ರ ಜೂನ್‌ನಲ್ಲಿ ಮೊಸೂಲನ್ನು ವಶಪಡಿಸಿಕೊಂಡ ಇಸ್ಲಾಮಿಕ್ ಸ್ಟೇಟ್ ಇದೇ ಸಂಘಟನೆಯ ಮುಂದುವರಿಕೆ.

ಇಳಿಕೆಯ ಕಾರಣಗಳ ಚರ್ಚೆ

೨೦೦೭ರ ದ್ವಿತೀಯಾರ್ಧದಿಂದ ಬಾಗ್ದಾದಿನಲ್ಲಿ ಹಿಂಸೆ ಗಣನೀಯವಾಗಿ ಇಳಿಯಿತು. ಇದರ ಕಾರಣಗಳ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಹೆಚ್ಚುವರಿ ಸೇನೆ ಮತ್ತು ಹೊಸ ವಿಧಾನಕ್ಕೇ ಶ್ರೇಯಸ್ಸು ಸಲ್ಲಬೇಕೆಂಬುದು ಒಂದು ಪಕ್ಷ. ಸುನ್ನಿಗಳು ಬಣ ಬದಲಿಸಿದ್ದೇ ಮುಖ್ಯವೆಂಬುದು ಇನ್ನೊಂದು. ೨೦೦೬ರ ಸೆಪ್ಟೆಂಬರ್‌ನಲ್ಲಿ ಅನ್ಬಾರ್ ಪ್ರಾಂತದಲ್ಲಿ ಆರಂಭವಾದ ಬುಡಕಟ್ಟುಗಳ ಅಲ್-ಖೈದಾ ವಿರೋಧಿ ಚಳವಳಿ ೨೦೦೭ರ ಮೇ ಅಂತ್ಯದಲ್ಲಿ ಬಾಗ್ದಾದಿನ ಅಮಿರಿಯಾ ಬಡಾವಣೆಯನ್ನು ಮುಟ್ಟಿತು. ಅಲ್ಲಿನ ಸಶಸ್ತ್ರ ನಿವಾಸಿಗಳು ಅಲ್-ಖೈದಾದ ಮೇಲೆ ತಿರುಗಿಬಿದ್ದು, ನಿನ್ನೆಯವರೆಗೆ ತಾವು ಗುಂಡು ಹಾರಿಸುತ್ತಿದ್ದ ಅಮೆರಿಕದ ಸೇನೆಯ ನೆರವು ಪಡೆದರು. ಇಂಥ ಕಾವಲುಗಾರರ ಸಂಖ್ಯೆ ೨೦೦೮ರ ವೇಳೆಗೆ ದೇಶದಲ್ಲಿ ಒಂದು ಲಕ್ಷದಷ್ಟಾಯಿತು. ಅವರಿಗೆ ತಿಂಗಳಿಗೆ ಸುಮಾರು ೩೦೦ ಡಾಲರ್ ಸಂಬಳ. ಜೊತೆಗೆ ೨೦೦೭ರ ಆಗಸ್ಟ್ ೨೯ರಂದು ಮುಖ್ತದಾ ಅಲ್-ಸದರ್ ತಮ್ಮ ಪಡೆಯ ಚಟುವಟಿಕೆಗಳನ್ನು ಸ್ಥಗಿತಗೊಳಿಸಿದರು.

ಮೂರನೆಯ ಪಕ್ಷದ ವಾದ ಕಹಿಯಾದುದು. ಭೂಗೋಳಶಾಸ್ತ್ರಜ್ಞ ಜಾನ್ ಅಗ್ನ್ಯೂ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪಗ್ರಹದಿಂದ ಕಾಣುವ ಬಾಗ್ದಾದಿನ ರಾತ್ರಿಯ ಬೆಳಕನ್ನು ಅಳೆದು, ಹೆಚ್ಚುವರಿ ಸೇನೆ ಪೂರ್ಣವಾಗಿ ಬರುವ ಮೊದಲೇ ಸುನ್ನಿ ಬಡಾವಣೆಗಳು ಕತ್ತಲಾಗಿದ್ದವೆ ಎಂಬುದನ್ನು ಪರೀಕ್ಷಿಸಿದರು. ಕತ್ತಲಾಗಿದ್ದವೆಂಬುದೇ ಅವರ ತೀರ್ಮಾನ. ಕೊಲ್ಲಬೇಕಾದವರು ಸತ್ತೋ ಓಡಿಯೋ ಹೋಗಿದ್ದರಿಂದ ಕೊಲೆ ನಿಂತಿತು ಎಂಬುದು ಇದರ ತಾತ್ಪರ್ಯ. ಸ್ಟೀಫನ್ ಬಿಡ್ಲ್, ಜೆಫ್ರಿ ಫ್ರೀಡ್‌ಮನ್ ಮತ್ತು ಜೇಕಬ್ ಶಪಿರೊ ೨೦೧೨ರಲ್ಲಿ ಇದನ್ನು ಪ್ರಶ್ನಿಸಿ, ಸೇನೆಯ ಹೆಚ್ಚಳ ಮತ್ತು ಸುನ್ನಿಗಳ ಬಣ ಬದಲಾವಣೆ ಎರಡೂ ಕೂಡಿದ್ದರಿಂದಲೇ ಇಳಿಕೆ ಸಾಧ್ಯವಾಯಿತು, ಒಂದೇ ಆಗಿದ್ದರೆ ಸಾಲದಾಗುತ್ತಿತ್ತು ಎಂದು ವಾದಿಸಿದರು.

ಪ್ರಸ್ತುತ ಲೇಖಕನಿಗೆ ಬಿಡ್ಲ್ ಮತ್ತು ಸಂಗಡಿಗರ ವಾದ ಇಡೀ ದೇಶದ ದೃಷ್ಟಿಯಿಂದ ಹೆಚ್ಚು ಸಮರ್ಪಕವಾಗಿ ತೋರುತ್ತದೆ. ಅನ್ಬಾರ್‌ನಂಥ ಸುನ್ನಿ ಪ್ರಾಂತದಲ್ಲಿ ಹಿಂಸೆ ಇಳಿದದ್ದನ್ನು ಪಂಗಡಗಳ ಬೇರ್ಪಡೆಯಿಂದ ವಿವರಿಸಲಾಗದು. ಆದರೆ ಬಾಗ್ದಾದಿನ ಮಟ್ಟಿಗೆ ಅಗ್ನ್ಯೂ ಅವರ ಕತ್ತಲಾದ ಬಡಾವಣೆಗಳನ್ನು ಬದಿಗೆ ಸರಿಸುವಂತಿಲ್ಲ. ಸಮಾರಾ ಘಟನೆಯ ಅನಂತರ ಇರಾಕಿನೊಳಗೆ ನೆಲೆ ಕಳೆದುಕೊಂಡವರು ಹದಿನೈದು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಬಾಗ್ದಾದಿನವರು. ಗೋಡೆಗಳು ಕಾಪಾಡಿದ್ದು ಹಳೆಯ ಮಿಶ್ರ ನಗರವನ್ನಲ್ಲ. ಅದು ಒಡೆದ ಮೇಲೆ ಉಳಿದ ತುಂಡುಗಳನ್ನು ಅವು ಕಾಪಾಡಿದವು, ಒಡಕಿನ ಗೆರೆಗಳನ್ನು ಕಾಂಕ್ರೀಟಿನಲ್ಲಿ ಸ್ಥಿರಗೊಳಿಸಿದವು.

೨೦೦೮ರ ವಸಂತದ ಕದನ ಇದಕ್ಕೆ ಪೂರಕವಾದ ಒಂದು ಅಪವಾದ. ಸದರ್ ನಗರದಿಂದ ಸರ್ಕಾರಿ ಕೇಂದ್ರವಾದ ಹಸಿರು ವಲಯದ ಮೇಲೆ ೧೦೭ ಮಿಲಿಮೀಟರ್ ರಾಕೆಟ್ಟುಗಳು ಬೀಳುತ್ತಿದ್ದವು. ಸೇನೆ ಅಲ್-ಕುದ್ಸ್ ಬೀದಿಯುದ್ದಕ್ಕೂ ಗೋಡೆ ಎಬ್ಬಿಸಿ, ಬಡಾವಣೆಯ ದಕ್ಷಿಣ ಭಾಗವನ್ನು ಪ್ರತ್ಯೇಕಿಸಿ, ಹಾರಿಸುವ ಜಾಗವನ್ನೇ ರಾಕೆಟ್ಟಿನ ವ್ಯಾಪ್ತಿಯಿಂದಾಚೆಗೆ ತಳ್ಳಿತು. ಗೋಡೆ ಕಟ್ಟುವುದನ್ನು ತಡೆಯಲೆಂದೇ ಮಹ್ದಿ ಸೇನೆಯವರು ಬಯಲಿಗೆ ಬಂದು ಹೋರಾಡಿ ಅಪಾರ ನಷ್ಟ ಅನುಭವಿಸಿದರು. ಶತ್ರು ಒಂದೆಡೆ ನಿಲ್ಲಲೇಬೇಕಾದ ಸಂದರ್ಭದಲ್ಲಿ ಗೋಡೆ ಹಳೆಯ ಕೋಟೆಯಂತೆಯೇ ಕೆಲಸ ಮಾಡಿತು. ಆದರೂ ಕದನವನ್ನು ಕೊನೆಗೊಳಿಸಿದ್ದು ಮೇ ತಿಂಗಳ ರಾಜಕೀಯ ಒಪ್ಪಂದ.

ಅನಂತರದ ವರ್ಷಗಳು

೨೦೦೯ರ ಜೂನ್ ೩೦ರಂದು ಅಮೆರಿಕದ ಸೇನೆ ನಗರಗಳಿಂದ ಹಿಂದೆ ಸರಿಯಿತು. ಆಗಸ್ಟ್ ೧೯ರಂದು ವಿದೇಶಾಂಗ ಮತ್ತು ಹಣಕಾಸು ಸಚಿವಾಲಯಗಳ ಮೇಲೆ, ಅಕ್ಟೋಬರ್ ೨೫ರಂದು ನ್ಯಾಯಸಚಿವಾಲಯದ ಮೇಲೆ ಬಾಂಬು ದಾಳಿಗಳಾದವು. ಎರಡನೆಯದರಲ್ಲಿ ನೂರೈವತ್ತಕ್ಕೂ ಹೆಚ್ಚು ಸಾವು. ಆ ವೇಳೆಗೆ ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಕಾವಲುಗಾರರ ಕೈಯಲ್ಲಿದ್ದುದು ಎ.ಡಿ.ಇ. ೬೫೧ ಎಂಬ ಸಾಧನ. ಹಿಡಿಕೆಗೆ ಸೇರಿಸಿದ ಒಂದು ಕಡ್ಡಿ ಬಾಂಬಿನ ಕಡೆಗೆ ತಿರುಗುತ್ತದೆಂದು ಮಾರಾಟಗಾರ ಹೇಳಿದ್ದ. ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸುವ ಮುನ್ನ ಕವೆಗೋಲು ಹಿಡಿದು ನೀರು ನೋಡುವವರನ್ನು ಬಲ್ಲವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಇರಾಕ್ ಸರ್ಕಾರ ಇದಕ್ಕಾಗಿ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ವೆಚ್ಚ ಮಾಡಿತ್ತು. ಬ್ರಿಟನ್ ೨೦೧೦ರ ಜನವರಿಯಲ್ಲಿ ಇದರ ರಫ್ತನ್ನು ನಿಷೇಧಿಸಿತು. ತಯಾರಕ ಜಿಮ್ ಮೆಕಾರ್ಮಿಕ್‌ಗೆ ೨೦೧೩ರಲ್ಲಿ ವಂಚನೆಗಾಗಿ ಹತ್ತು ವರ್ಷಗಳ ಸೆರೆವಾಸವಾಯಿತು. ಠಾಣೆಗಳಲ್ಲಿ ಸಾಧನದ ಬಳಕೆ ಮಾತ್ರ ನಿಲ್ಲಲಿಲ್ಲ.

೨೦೧೬ರ ಫೆಬ್ರವರಿಯಲ್ಲಿ ನಗರದ ಸುತ್ತ ಗೋಡೆ ಮತ್ತು ಕಂದಕ ನಿರ್ಮಿಸುವ ಹಳೆಯ ಯೋಜನೆ ಮತ್ತೆ ಆರಂಭವಾಯಿತು. ಒಳಗಿನ ಬೀದಿಗಳ ಕಾಂಕ್ರೀಟ್ ಹಲಗೆಗಳನ್ನೇ ಕಿತ್ತು ಹೊರಸುತ್ತಿಗೆ ಬಳಸುವುದು ಅದರ ಉದ್ದೇಶವಾಗಿತ್ತು. ಅದೇ ಜುಲೈ ೩ರ ರಾತ್ರಿ, ರಂಜಾನ್ ಉಪವಾಸ ಮುಗಿಸಿ ಹಬ್ಬದ ಬಟ್ಟೆ ಕೊಳ್ಳಲು ಬಂದವರಿಂದ ಕರ್ರಾದಾ ಬೀದಿ ತುಂಬಿದ್ದಾಗ ಸ್ಫೋಟಕ ತುಂಬಿದ ವ್ಯಾನು ಸಿಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ವಾಹನ ದಿಯಾಲಾದಿಂದ ಬಂದು, ದಾರಿಯ ತಪಾಸಣಾ ಠಾಣೆಗಳನ್ನೆಲ್ಲ ದಾಟಿತ್ತು. ಈ ಠಾಣೆಗಳಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿ ಗೃಹಸಚಿವ ಮೊಹಮ್ಮದ್ ಘಬ್ಬಾನ್ ರಾಜೀನಾಮೆ ಇತ್ತರು. ಸ್ಫೋಟದ ಬೆನ್ನಲ್ಲೇ ಪ್ರಧಾನಿ ಹೈದರ್ ಅಲ್-ಅಬಾದಿ ಅವರು ಎ.ಡಿ.ಇ. ೬೫೧ ಸಾಧನಗಳನ್ನು ಎಲ್ಲ ಠಾಣೆಗಳಿಂದ ಹಿಂತೆಗೆದುಕೊಳ್ಳುವಂತೆ ಆಜ್ಞೆ ಹೊರಡಿಸಿದರು.